ಯೂರಿಯಾ ಕಾಣದ ಗೋವಿನಜೋಳ

“ನಿನ್ನ ಗೊಂಜಾಳ ನೋಡಿ ನನ್ನ ಗೊಂಜಾಳ ನಾಚಾಕತ್ತೈತಿ, ಶೈಲವ್ವಾ! ಆ ಪುಡಿ ನನಗೂ ಒಂದಿಷ್ಟ ಕೊಡ,” ಎಂದು ಬದುವಿನ ಮೇಲೆ ನಿಂತ ಧರೆಪ್ಪ ಕೇಳಿದಾಗ ಶೈಲಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಿತ್ತನೆಯ ದಿನ, ಬೆಲ್ಲದ ನೀರಿನಲ್ಲಿ ಅಜೋಸ್ಪಿರಿಲಮ್ ಎಂಬ ಜೀವಾಣು ಗೊಬ್ಬರದ ಪುಡಿ ಕಲಸಿ ಬೀಜಕ್ಕೆ ಸವರುತ್ತಿದ್ದ ಅವಳನ್ನು ಕಂಡು, “ಏನ, ಉಂಡಿ ಕಟ್ಟಾಕತ್ತೀ?” ಎಂದು ಅಲಖನೂರಿಗೆಲ್ಲ ಕೇಳುವಂತೆ ನಕ್ಕಿದ್ದವನು ಈ ನೆರೆಹೊಲದ ಧರೆಪ್ಪನೇ. ಅತ್ತೆ ಕಾಳವ್ವನೂ ಸೆರಗು ಬಾಯಿಗಿಟ್ಟು ನಕ್ಕಿದ್ದಳು. ಶೈಲಾ ಮಾತ್ರ, ಈ ಅರ್ಧ ಎಕರೆಗೆ ಒಂದು ಹಿಡಿ ಯೂರಿಯಾವನ್ನೂ ಹಾಕದೆ ಬೆಳೆದು ತೋರಿಸುತ್ತೇನೆಂದು ಹಟ ತೊಟ್ಟಿದ್ದಳು.

ಈಗ ಹೊಲ ಕಪ್ಪು ಹಸಿರಾಗಿ ತೂಗುತ್ತಿತ್ತು. ಶೈಲಾ ಒಂದು ಗಿಡ ಕಿತ್ತು ಬೇರು ತೋರಿಸಿದಳು. “ನೋಡ್ರಿ ಕಾಕಾ, ಕಣ್ಣಿಗೆ ಕಾಣಲಾರದ ಜೀವ ಇಲ್ಲಿ ಬೇರಿಗೆ ಅಂಟಕೊಂಡ ಸಂಸಾರ ಹೂಡತಾವ. ಬೇರು ಅವಕ್ಕ ಸಕ್ಕರಿ ಉಣಸತೈತಿ, ಅವು ಗಾಳ್ಯಾಗಿನ ಸಾರಜನಕ ಹಿಡದ ಬೇರಿಗೆ ಕೊಡತಾವ.”

ಹೇಳುತ್ತಲೇ ಅವಳ ಕಣ್ಣು ಗಿಡದ ಸುಳಿಗೆ ಹೋಯಿತು. ಎಲೆಗಳ ಮೇಲೆ ಸುಟ್ಟ ಕಲೆಗಳು. ಪಕ್ಕದ ಗಿಡದಲ್ಲೂ ಅವೇ. ಸುಳಿಯೊಳಗೆ ಯೂರಿಯಾ ಹರಳು ಬಿದ್ದರೆ ಎಲೆ ಹೀಗೆ ಸುಡುತ್ತದೆಂದು ಅವಳಿಗೆ ಗೊತ್ತಿತ್ತು. ತಿರುಗಿ, ಹಿಂದೆ ನಿಂತಿದ್ದ ಅತ್ತೆಯ ಕಡೆ ನೋಡಿದಳು. ಕಾಳವ್ವ ಆಕಾಶ ನೋಡುತ್ತಿದ್ದಳು.

ಸುಮ್ಮನಿದ್ದರೆ ಊರೆಲ್ಲ ಹೊಗಳುತ್ತಿತ್ತು. ಶೈಲಾ ಕಿತ್ತ ಗಿಡವನ್ನು ಬದುವಿನ ಮೇಲಿಟ್ಟಳು.

“ಪುಡಿ ಈಗ ಬ್ಯಾಡ್ರಿ ಕಾಕಾ. ಈ ಹೊಲಕ್ಕ ಯೂರಿಯಾ ಬಿದ್ದೈತಿ. ಬೆಳಿಸಿದ್ದು ಯಾವುದಂತ ನನಗೂ ಗೊತ್ತಿಲ್ಲ. ಮುಂದಿನ ಸಲ ನೋಡೂಣು.”

“ಹಂಗ ಅನ್ನು ಮತ್ತ!” ಧರೆಪ್ಪ ಹೊಟ್ಟೆ ಕುಣಿಸಿಕೊಂಡು ನಗುತ್ತ ಹೋದ.

“ಯಾಕ ಹಾಕಿದ್ರಿ, ಅತ್ತಿ?”

“ನೀ ತವರಿಗೆ ಹೋದಾಗ ಬೆಳಿ ಒಂಚೂರು ಹಳದಿ ಕಂಡಿತ,” ಕಾಳವ್ವ ಸೆರಗಿನ ತುದಿ ತಿರುವಿದಳು. “ನಾ ನಕ್ಕರ ಅದು ಮನ್ಯಾಗಿನ ಮಾತು. ಊರ ಮಂದಿ ನನ್ನ ಸೊಸಿಗೆ ನಗಬೇಕೇನ?”

ಶೈಲಾಳಿಗೆ ಸಿಟ್ಟು ಮಾಡಲೂ ಆಗಲಿಲ್ಲ, ನಗಲೂ ಆಗಲಿಲ್ಲ. ಕಾಳವ್ವ ಸೊಂಟದಿಂದ ಗೊಬ್ಬರದ ಕೋಣೆಯ ಕೀಲಿಕೈ ಬಿಚ್ಚಿ ಸೊಸೆಯ ಅಂಗೈಗೆ ಒತ್ತಿದಳು.

“ಮುಂದಿನ ಸಲ ಇದು ನಿನ್ನ ಕಡೆ ಇರ್ಲಿ. ನನ್ನ ಕೈ ಸುಮ್ನ ಕುಂಡ್ರೂದಿಲ್ಲ.”