ಗಾಳಿಯಲ್ಲಿ ನಿಂತ ಚಕ್ರ

ತಮ್ಮನ ಹೆಂಡತಿ ಕಳುಹಿಸಿದ ಫೋಟೊವನ್ನು ಅಕ್ಕ ಮೊದಲು ನೋಡಿದ್ದು ಹೆಮ್ಮೆಯಿಂದಲೇ. ಕಡಿದಾದ ಕಲ್ಲುಹಾದಿಯಲ್ಲಿ ಅವರ ಹಳೆಯ ಪಿಕಪ್ ಮೂತಿ ಕೆಳಗೆ ಮಾಡಿ ನಿಂತಿತ್ತು. ಹಿಂದಿನ ಎಡಚಕ್ರ ಒಂದು ಹೊಂಡದ ಮೇಲೆ, ನೆಲ ಮುಟ್ಟದೆ, ಗಾಳಿಯಲ್ಲಿ ಇಳಿಬಿದ್ದಿತ್ತು. ‘ಅತ್ತಿಗೆ, ನಿಮ್ಮ ಕೈಗುಣ ನೋಡಿ’ ಎಂದು ಕೆಳಗೆ ಬರೆದಿದ್ದಳು. ಅಕ್ಕ ಕೈಗವಸು ಕಳಚಿ, ಗ್ಯಾರೇಜಿನ ಬಾಗಿಲ ಬೆಳಕಿಗೆ ಬಂದು, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದಳು. ಹೊಸ ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿಕೊಂಡಿತ್ತು. ಹೊಸ ಲೀಫ್ ಸ್ಪ್ರಿಂಗ್ ಚಕ್ರವನ್ನು ಸಲೀಸಾಗಿ ಇಳಿಬಿಟ್ಟಿತ್ತು. ಎಲ್ಲವೂ ಲೆಕ್ಕದಂತೆಯೇ ಇತ್ತು. ಅವುಗಳ ಹಿಂದೆ ಬ್ರೇಕ್ ಎಣ್ಣೆ ಸಾಗುವ ರಬ್ಬರ್ ಕೊಳವೆ ಕಂಡಿತು. ಅದು ಬಾಗಿರಬೇಕಿತ್ತು. ಬಿಗಿದ ತಂತಿಯಂತೆ ನೆಟ್ಟಗಿತ್ತು.

ಗುಡ್ಡದಾಚೆಯ ಗಣಿಗೆ ಸಾಮಾನು ಸಾಗಿಸುವ ಕೆಲಸ ತಮ್ಮನಿಗೆ ಸಿಕ್ಕಿತೆಂದು ಹೊಸ ಸ್ಪ್ರಿಂಗ್ ಹಾಕಿ ಗಾಡಿಯನ್ನು ಎತ್ತರಿಸಿದವಳು ಅಕ್ಕನೇ. ಎತ್ತರಿಸಿದ ಮೇಲೆ ಆ ಕೊಳವೆಯ ಉದ್ದ ಸಾಲುತ್ತದೆಯೇ ಎಂದು ಅಳೆದವಳೂ ಅವಳೇ. ಆದರೆ ಅಳೆದದ್ದು ನಾಲ್ಕೂ ಚಕ್ರ ಗ್ಯಾರೇಜಿನ ಸಮನೆಲದ ಮೇಲೆ ಊರಿದ್ದಾಗ; ಅಳೆಯಬೇಕಿದ್ದುದು ಚಕ್ರವನ್ನು ನೇತುಬಿಟ್ಟು. ಆ ಕಾಲದ ಗಾಡಿಯಲ್ಲಿ ಒಂದು ಕೊಳವೆ ಕಿತ್ತುಹೋದರೆ ನಾಲ್ಕೂ ಚಕ್ರದ ಬ್ರೇಕು ಹೋದಂತೆ. ಹ್ಯಾಂಡ್‌ಬ್ರೇಕು ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ, ಅವುಗಳಲ್ಲೊಂದು ಗಾಳಿಯಲ್ಲಿತ್ತು. ಸಾಲದ್ದಕ್ಕೆ ಭಾರ. ಕಲ್ಲು ಬಡಿದೀತೆಂಬ ದಿಗಿಲಿಗೆ ಎಂಜಿನ್ನಿನಡಿಗೆ, ಗೇರ್‌ಬಾಕ್ಸಿನಡಿಗೆ, ಡೀಸೆಲ್ ಟ್ಯಾಂಕಿನಡಿಗೆ ಅವಳು ದಪ್ಪ ಉಕ್ಕಿನ ತಗಡು ಕೂರಿಸಿದ್ದಳು. ಅಕ್ಕನ ಕೈಗೆ ಬಿಟ್ಟರೆ ಗಾಡಿಗೆ ಮೂಗುಬೊಟ್ಟನ್ನೂ ಉಕ್ಕಿನಲ್ಲೇ ಮಾಡಿಸುತ್ತಾಳೆ ಎಂದು ತಮ್ಮ ನಕ್ಕಿದ್ದ. ಕಾಯಲೆಂದು ಹೇರಿದ ಆ ಉಕ್ಕೆಲ್ಲ ಈಗ ಇಳಿಜಾರಿನ ಪಕ್ಷ ಸೇರಿತ್ತು.

ಚಿತ್ರದ ಕೆಳತುದಿಯಲ್ಲಿ ಕಲ್ಲುಗಳ ಮೇಲೆ ಒಂದು ನೆರಳು ಬಿದ್ದಿತ್ತು, ಫೋಟೊ ತೆಗೆದವಳ ನೆರಳು. ಅವಳು ನಿಂತಿದ್ದದ್ದು ಗಾಡಿಯ ನೇರ ಎದುರಿಗೆ, ಕೆಳಗೆ. ಫೋಟೊ ಬಂದು ಎರಡು ನಿಮಿಷವೂ ಆಗಿರಲಿಲ್ಲ.

ತಮ್ಮನಿಗೆ ಫೋನು ಹಚ್ಚುವಾಗ ಅಕ್ಕನಿಗೆ ಅತ್ತ ದರಿ, ಇತ್ತ ಪುಲಿ. ಮರ ಹತ್ತಬೇಡ, ಕೆರೆಗಿಳಿಯಬೇಡ, ಸೈಕಲ್ಲಿನಲ್ಲಿ ಕೈ ಬಿಡಬೇಡ ಎಂದು ಕೂಗಿ ಕೂಗಿ ಅವಳ ಎಚ್ಚರಿಕೆಗೆ ಅವನು ಕಿವಿಗೊಡುವುದನ್ನೇ ಬಿಟ್ಟಿದ್ದ. ಈಗ ಕೂಗಿದರೆ ಎಂದಿನಂತೆ ನಕ್ಕು ಗಾಡಿ ಇಳಿಸಿಯಾನು. ನಂಬಿಬಿಟ್ಟರೆ ಇನ್ನೂ ಕಷ್ಟ. ಹೆದರಿದವನ ಕಾಲು ಬ್ರೇಕನ್ನೇ ತುಳಿಯುತ್ತದೆ, ಬಿಗಿದ ಕೊಳವೆ ಆ ಒತ್ತಡವನ್ನು ತಾಳುವುದಿಲ್ಲ.

“ಫೋಟೊ ಚೆನ್ನಾಗಿ ಬಂದಿದೆ ಕಣೋ,” ಎಂದಳು.

“ನಿನ್ನ ತಗಡು ಬಂಡೆಗೆ ಉಜ್ಜಿದ್ರೂ ಏನೂ ಆಗ್ಲಿಲ್ಲ ಅಕ್ಕ. ತಡಿ, ಈಗ ಕೆಳಗಿಳಿಸ್ತೀನಿ.”

“ಈಗ್ಲೇ ಬೇಡ. ಬ್ರೇಕಿನ ಮೇಲೆ ಕಾಲು ಹೇಗಿದೆಯೋ ಹಾಗೇ ಇರ್ಲಿ. ಇನ್ನೂ ಒತ್ತಬೇಡ, ಬಿಡಲೂಬೇಡ. ಗಿರಾಕಿಗಳಿಗೆ ತೋರಿಸೋಕೆ ಇನ್ನೊಂದು ಫೋಟೊ ಬೇಕು. ಅವಳಿಗೆ ಪಕ್ಕದ ಬಂಡೆ ಹತ್ತಿ ತೆಗೆಯೋಕೆ ಹೇಳು.”

ತಮ್ಮ ಕಿಟಕಿಯಿಂದ ತಲೆ ಹೊರಹಾಕಿ ಹೆಂಡತಿಯನ್ನು ಕೂಗಿ ಹೇಳಿದ್ದು ಫೋನಿನಲ್ಲಿ ಕೇಳಿಸಿತು. ಅಲ್ಲಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಅವಳು ಗೊಣಗಿದಳು. ಮಹಾರಾಣಿಯವರಿಗೆ ಛತ್ರಿ ಹಿಡಿಸಬೇಕೇನೋ ಎಂದು ಇವನು ರೇಗಿಸಿದ. ಇಬ್ಬರೂ ನಗುತ್ತಿದ್ದರು. ಅಕ್ಕ ಉಸಿರು ಹಿಡಿದು ಜಲ್ಲಿಯ ಮೇಲಿನ ಚಪ್ಪಲಿಯ ಸದ್ದನ್ನು ಆಲಿಸಿದಳು. ಸದ್ದು ಪಕ್ಕಕ್ಕೆ ಸರಿಯಿತು, ಮೇಲೇರಿತು, ನಿಂತಿತು. ಆಮೇಲಷ್ಟೇ ಅಕ್ಕ ಎರಡನೆಯ ಮಾತು ಹೇಳಿದಳು: ಅವಳು ಪಕ್ಕದಿಂದಲೇ ಬಂದು, ಎದುರಿಗೆ ಕಾಲಿಡದೆ, ಮುಂದಿನ ಚಕ್ರಗಳ ಬುಡಕ್ಕೆ ದೊಡ್ಡ ದೊಡ್ಡ ಕಲ್ಲು ಒತ್ತಿ ಇಡಲಿ.

ನಗು ನಿಂತಿತು. ಎಂಜಿನ್ನಿನ ಗುರುಗುಟ್ಟುವಿಕೆ ಮಾತ್ರ ಉಳಿಯಿತು.

“ಕಲ್ಲು ಯಾಕೆ ಅಕ್ಕ?”

“ಇರ್ಲಿ ಅಂತ.”

“ನೀನು ಇಷ್ಟು ಮೆತ್ತಗೆ ಮಾತಾಡಿದ್ದು ಒಂದೇ ಸಲ. ಅಪ್ಪ ಹೋದ ಸುದ್ದಿ ಹೇಳಿದ ದಿನ.”

ಮೊದಲು ಕಲ್ಲು ಹಾಕಿಸು ಎಂದಷ್ಟೇ ಅಕ್ಕ ಹೇಳಿದಳು. ಈಗ ಅವನು ಏನನ್ನೂ ಕೇಳದೆ ಹೇಳಿದ ಹಾಗೆ ಮಾಡಿಸಿದ. ಕಲ್ಲು ಉರುಳಿದ ಸದ್ದು, ಅವನ ಹೆಂಡತಿಯ ಏದುಸಿರು, ಮತ್ತೊಂದು ಕಲ್ಲು, ರಬ್ಬರಿಗೆ ಕಲ್ಲು ತಾಗಿದ ಮಂದ ಸದ್ದು. ಅವಳು ಮತ್ತೆ ಬಂಡೆ ಹತ್ತಿದ ಮೇಲೆ ಅಕ್ಕ, “ಈಗ ಕಾಲು ನಿಧಾನವಾಗಿ ಎತ್ತು. ಗಾಡಿ ಕಲ್ಲಿಗೆ ಒರಗಿಕೊಳ್ಲಿ. ಆಮೇಲೆ ಇಳಿದು ಬಾ,” ಎಂದಳು.

“ಕಾಲು ಬರ್ತಿಲ್ಲ ಅಕ್ಕ.” ಮೀಸೆ ಹೊತ್ತ ಗಂಡಸಿನ ದನಿಯಾಗಿರಲಿಲ್ಲ ಅದು. “ಎತ್ತೋಕೆ ಹೋದ್ರೆ ನಡುಗುತ್ತೆ. ಒಂದ್ಸಲ ಬೈಯೇ. ಯಾವಾಗ್ಲೂ ಬೈತೀಯಲ್ಲ, ಹಾಗೆ ಬೈದುಬಿಡು. ನೀನು ಬೈದ್ರೆ ಎತ್ತುತ್ತೀನಿ.”

ಅಕ್ಕ ಬಾಯಿ ತೆರೆದಳು. ಅವನು ಅಂಬೆಗಾಲಿಕ್ಕಿದ ದಿನದಿಂದ ಬೈಯುತ್ತಲೇ ಬಂದ ನಾಲಿಗೆ. ಅದಕ್ಕೆ ಆ ಗಳಿಗೆಯಲ್ಲಿ ಒಂದೇ ಒಂದು ಬೈಗುಳವೂ ಸಿಗಲಿಲ್ಲ.