ಹುಳದ ಮನೆಯ ತಂಪು

ತೋಟದ ಬಿಸಿಲಲ್ಲಿ ಸೊಪ್ಪು ಕೊಯ್ಯುತ್ತ ಕುಸಿದು ಬಿದ್ದ ಅತ್ತೆ ಚಿಕ್ಕಮುನಿಯಮ್ಮನನ್ನು ಮುನಿಲಕ್ಷ್ಮಿ ಎಳೆದು ತಂದು ಮಲಗಿಸಿದ್ದು ರೇಷ್ಮೆ ಹುಳ ಸಾಕುವ ಮನೆಯೊಳಗೆ. ಮನುಷ್ಯರು ಕಾದ ಶೀಟಿನ ಕೆಳಗೆ ಬೇಯುತ್ತಿದ್ದರೂ ಹುಳಗಳಿಗೆ ಮಾತ್ರ ಕಿಟಕಿಗೆಲ್ಲ ಒದ್ದೆ ಗೋಣಿ, ಮೂಲೆಯಲ್ಲಿ ಕೂಲರು.

"ಇಲ್ಲಿಗ್ಯಾಕೆ ತಂದೆ?" ಗಂಡ ಕನಕರಾಜ್ ಬಾಗಿಲಲ್ಲೇ ನಿಂತು ಕೂಗಿದ. "ನಾಳೆ ನಾಡಿದ್ದು ಗೂಡು ಕಟ್ಟೋ ಹುಳ ಕಣೇ. ಸೋಂಕು ತಗುಲಿದ್ರೆ ಎಲ್ಲಾ ತಿಪ್ಪೆಗೇ."

"ಮೈ ಕೆಂಡ ಆಗೈತೆ. ಹುಳಕ್ಕಿರೋ ಕೂಲರು ನಿಮ್ಮಮ್ಮಂಗೆ ಒಂದು ಗಳಿಗೆ ಬ್ಯಾಡ್ವಾ? ಶಿಡ್ಲಘಟ್ಟದ ಆಸ್ಪತ್ರೆಗೆ ಹೋಗಣ, ಆಟೋಗೆ ಫೋನ್ ಮಾಡಿ ಮೊದ್ಲು."

ಅವನು ಫೋನು ತೆಗೆದು ನಂಬರು ಹುಡುಕತೊಡಗಿದ. ಮುನಿಲಕ್ಷ್ಮಿ ಸೆರಗು ನೆನೆಸಿ ಅತ್ತೆಯ ಕತ್ತು, ಕಂಕುಳು ಒರೆಸಿದಳು.

ಅಷ್ಟರಲ್ಲಿ ಮುದುಕಿ ಕಣ್ಣು ಬಿಟ್ಟಳು. ಹುಳದ ಸಾಲು ತಟ್ಟೆಗಳನ್ನು ಕಂಡದ್ದೇ ಗಾಬರಿಯಾಗಿ ಸೊಸೆಯ ಕೈ ತಳ್ಳಿದಳು. "ಅಯ್ಯೋ, ಯಾರೇ ನನ್ನ ಇಲ್ಲಿ ಮಲಗ್ಸಿದ್ದು? ಮೈಯೆಲ್ಲ ಮಣ್ಣು, ಬೆವರು. ಹುಳ ಸಾಯ್ತವೆ. ಎತ್ತಿ ಆಚೆಗೆ ಹಾಕ್ರೋ ನನ್ನ."

ಕನಕರಾಜನ ಮುಖದಲ್ಲಿ ಎಷ್ಟು ನಿರಾಳ ಅಂತೀರಿ! ಕರೆ ಮಾಡದೆಯೇ ಫೋನನ್ನು ಜೇಬಿಗಿಳಿಸಿದ. ಹೊರಗಿನ ತೊಟ್ಟಿಯಲ್ಲಿ ಸಾವಕಾಶವಾಗಿ ಕಾಲು ತೊಳೆದು, ಒಳಗೆ ಬಂದು ತಾಯಿಯ ಪಾದಗಳನ್ನು ಹಿಡಿದ.

"ಕೇಳಿಸ್ತಾ? ಅಮ್ಮನೇ ಹೇಳ್ತಾವ್ಳೆ. ನೀನು ರಟ್ಟೆ ಹಿಡ್ಕೊ."