ಒಂದೇ ಒಂದು ಮೊಳೆ

"ಚಿಕ್ಕದಾದ್ರೂ ನಮ್ದೇ ಅಂತ ಒಂದು ಮನೆ ತಗೊಳ್ಳೋಣ ರೀ."

"ಸ್ವಂತ ಮನೆ ಅಂದ್ರೆ ಜೀವನಪೂರ್ತಿ ಸಾಲ ಕಣೇ. ಬಾಡಿಗೇನೇ ವಾಸಿ," ಎನ್ನುತ್ತಿದ್ದ ಗಂಡ. ಪ್ರತಿ ತಿಂಗಳೂ ಅವಳ ಸಂಬಳದಿಂದ ಬಾಡಿಗೆ ತೆಗೆದುಕೊಂಡು, ಅವಳೆಂದೂ ಕಾಣದ ಓನರಿಗೆ ಕೊಟ್ಟು ಬರುತ್ತೇನೆಂದು ಹೊರಡುತ್ತಿದ್ದ. ಮದುವೆಯ ಫೋಟೊ ತೂಗುಹಾಕಲೂ ಬಿಡಲಿಲ್ಲ. "ಗೋಡೆಗೆ ಮೊಳೆ ಹೊಡೆದ್ರೆ ಓನರ್ ಸುಮ್ನಿರಲ್ಲ." ನಾಲ್ಕು ವರ್ಷ ಅದು ಬೀರುವಿನ ಹಿಂದೆಯೇ ಉಳಿಯಿತು.

ಅವನ ವೈಕುಂಠ ಸಮಾರಾಧನೆಯ ಮರುದಿನ, ಕಟ್ಟು ಹಾಕಿಸಿದ ಅವನ ಫೋಟೊ ಹಿಡಿದು ಅವಳು ಅಪಾರ್ಟ್‌ಮೆಂಟಿನ ಸೆಕ್ರೆಟರಿಯ ಬಳಿ ಹೋದಳು.

"ನಮ್ಮನೆ ಓನರ್ ನಂಬರ್ ಕೊಡ್ತೀರಾ ಅಂಕಲ್? ಇವ್ರ ಫೋಟೊ ಹಾಕೋಕೆ ಒಂದೇ ಒಂದು ಮೊಳೆ ಹೊಡೀಬೇಕಿತ್ತು. ಕೇಳಿಬಿಡೋಣ ಅಂತ."

ಅವರು ಫೋಟೊ ನೋಡಿದರು, ಅವಳನ್ನು ನೋಡಿದರು.

"ಯಾರನ್ನ ಕೇಳ್ತೀಯಮ್ಮ? ಆ ಮನೆ ಓನರ್ ಇವ್ರೇ ಅಲ್ವಾ?"